ಹೊಸ ಟೈರ್ ಎರಡೇ ಆದ್ರೆ ಮುಂದಕ್ಕೋ ಹಿಂದಕ್ಕೋ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು 2015ರ ಸ್ವಿಫ್ಟ್. ತೀರ್ಥಹಳ್ಳಿಯಿಂದ ತಿಂಗಳಿಗೆ ಮೂರ್ನಾಲ್ಕು ಸಲ ಅಪ್ಪನ್ನ ಕರ್ಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗ್ಬೇಕು. ಮುಂದಿನ ಎರಡು ಟೈರಿನ ಬಟನ್ ಪೂರ್ತಿ ಹೋಗಿದೆ, ಹಿಂದಿನವು ಅರ್ಧ ಸವೆದಿವೆ. ಕೈಲಿರೋದು ಹತ್ತು ಸಾವಿರ. ಅಷ್ಟಕ್ಕೇ ನಾಲ್ಕೂ ಸೆಕೆಂಡ್ ಹ್ಯಾಂಡ್ ಹಾಕ್ಕೊಡ್ತೀನಿ ಅಂತ ಒಬ್ರು ಅಂಗಡಿಯವ್ರು ಹೇಳ್ತಿದಾರೆ, ನಮ್ಮ ಭಾವ ಹೊಸದೇ ಎರಡು ತಗೊಂಡು ಮುಂದೆ ಹಾಕ್ಸು ಅಂತಾರೆ. ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಮ್ಮಿ ಇಟ್ರೆ ಹಿಡಿತ ಜಾಸ್ತಿ ಅನ್ನೋದು ನಿಜಾನಾ?

ಉತ್ತರ: ಮೊದಲು ಆ ಸೆಕೆಂಡ್ ಹ್ಯಾಂಡ್ ಯೋಚನೆ ಬಿಟ್ಬಿಡಿ. ಅದು ಯಾವ ಗಾಡೀಲಿ ಓಡಿತ್ತು, ಒಳಗಡೆ ಎಲ್ಲಿ ಏಟು ತಿಂದಿದೆ ಅಂತ ಕಣ್ಣಿಗೆ ಕಾಣಲ್ಲ, ಬಟನ್ ಚೆನ್ನಾಗಿ ಕಂಡ್ರೂ ರಬ್ಬರ್ ಹಳೇದಾಗಿ ಗಟ್ಟಿಯಾಗಿದ್ರೆ ಒದ್ದೆ ರಸ್ತೇಲಿ ಅದು ಹಿಡಿಯಲ್ಲ. ಹತ್ತು ಸಾವಿರಕ್ಕೆ ನಿಮ್ಮ ಗಾಡಿಗೆ ಒಳ್ಳೆ ಕಂಪನಿದೇ ಎರಡು ಹೊಸ ಟೈರ್ ಬರುತ್ತೆ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ ಹಾಕಿಸ್ಕೊಂಡು ಅದನ್ನೂ ನೋಡ್ಕೊಳ್ಳಿ.

ಭಾವ ಹೇಳಿದ್ದು ಅರ್ಧ ಸರಿ. ಎರಡೇ ತಗೊಳ್ಳಿ, ಆದ್ರೆ ಹಾಕ್ಸೋದು ಹಿಂದಕ್ಕೆ. ಹಿಂದಿರೋ ಅರ್ಧ ಸವೆದವನ್ನ ಮುಂದಕ್ಕೆ ತನ್ನಿ, ಬೋಳಾದ ಎರಡನ್ನೂ ತೆಗೆದುಹಾಕಿ. ಇಂಜಿನ್ ಎಳೆಯೋದು ಮುಂದಿನ ಚಕ್ರ, ಸ್ಟೀರಿಂಗ್ ಮುಂದೆ, ಬ್ರೇಕಿನ ಭಾರಾನೂ ಮುಂದೇನೇ ಜಾಸ್ತಿ, ಅದಕ್ಕೇ ಹೊಸದು ಮುಂದೆ ಇರ್ಲಿ ಅಂತ ಎಲ್ರೂ ಅಂದ್ಕೊಳ್ತಾರೆ, ನಾನೂ ಹಾಗೇ ಹಾಕ್ಸಿದ್ದೆ. ಒಂದು ಜುಲೈನಲ್ಲಿ ಹುಲಿಕಲ್ ಘಾಟಿ ಇಳೀತಾ ಒಂದು ತಿರುವಲ್ಲಿ ಮುಂಭಾಗ ಸ್ಟೀರಿಂಗ್ ತಿರುಗಿಸಿದ ಕಡೆಗೇ ಹೋಯ್ತು, ಹಿಂಭಾಗ ಮಾತ್ರ ಜಾರ್ಕೊಂಡು ಅಡ್ಡ ಬಂತು, ಗಾಡಿ ಪೂರ್ತಿ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಂದ ಬಸ್ ಬರ್ಲಿಲ್ಲ, ಅದೊಂದಕ್ಕೇ ಇವತ್ತು ಇದನ್ನ ಬರೀತಿದೀನಿ. ಮುಂದಿನ ಚಕ್ರ ಜಾರಿದ್ರೆ ಗಾಡಿ ನೆಟ್ಟಗೆ ಹೋಗುತ್ತೆ, ಕಾಲು ತೆಗೆದ್ರೆ ವೇಗ ಇಳಿದು ಮತ್ತೆ ಹಿಡಿತ ಸಿಗೋ ಅವಕಾಶ ಇರುತ್ತೆ. ಹಿಂದಿನದು ಜಾರಿದ್ರೆ ನಮ್ಮ ನಿಮ್ಮಂಥವರ ಕೈಯಲ್ಲಿ ಏನೂ ಇರಲ್ಲ. ಆಗುಂಬೆಯ 14 ತಿರುವುಗಳಲ್ಲಿ ಪ್ರತಿಯೊಂದ್ರಲ್ಲೂ ಇದು ಲೆಕ್ಕಕ್ಕೆ ಬರುತ್ತೆ, ಅದೂ ಹಿಂದಿನ ಸೀಟಲ್ಲಿ ಅಪ್ಪ ಕೂತಿರುವಾಗ.

ಮುಂದಕ್ಕೆ ತರೋ ಟೈರ್ ಎಷ್ಟು ಉಳಿದಿದೆ ಅಂತ ಅಳೆದು ನೋಡಿ. ಹೊಸದ್ರಲ್ಲಿ ಬಟನ್‌ಗಳ ನಡುವಿನ ಗೀರಿನ ಆಳ ಸುಮಾರು 8 ಮಿ.ಮೀ. ಇರುತ್ತೆ. ಆ ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಥರ ಕಾಣುತ್ತಲ್ಲ, ಅದರ ಮಟ್ಟಕ್ಕೆ ಸವೆದ್ರೆ ಉಳಿದಿರೋದು 1.6 ಮಿ.ಮೀ., ಅಂದ್ರೆ ಟೈರ್ ಮುಗೀತು. ಆದ್ರೆ ನಮ್ಮ ಮಲೆನಾಡಿಗೆ ಅಲ್ಲೀವರೆಗೂ ಕಾಯೋದು ತಪ್ಪು, 3 ಮಿ.ಮೀ.ಗೆ ಬಂತು ಅಂದ್ರೆ ಆರಿದ್ರಾ ಮಳೆ ಹಿಡಿಯೋಕೆ ಮುಂಚೆ ಬದಲಾಯಿಸ್ಬೇಕು. ಆ ಗೀರುಗಳ ಕೆಲಸಾನೇ ಚಕ್ರದ ಕೆಳಗಿನ ನೀರನ್ನ ಪಕ್ಕಕ್ಕೆ ಹಾಕೋದು, ಆಳ ಇಲ್ದಿದ್ರೆ ನೀರು ಅಲ್ಲೇ ಉಳಿದು ಟೈರ್ ಅದರ ಮೇಲೆ ತೇಲುತ್ತೆ. ತೇಲೋ ಚಕ್ರಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಇದ್ರೂ ಉಪಯೋಗ ಇಲ್ಲ.

ಗಾಳಿ ಕಮ್ಮಿ ಮಾಡೋದಂತೂ ಖಂಡಿತಾ ಬೇಡ. ಕಮ್ಮಿ ಗಾಳೀಲಿ ಟೈರ್ ನಡುಭಾಗ ಒಳಗೆ ಸರಿದು ನೀರನ್ನ ಒತ್ತಿ ಹೊರಹಾಕೋ ಶಕ್ತಿ ಹೋಗುತ್ತೆ, ಇನ್ನೂ ಬೇಗ ತೇಲುತ್ತೆ. ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರಲ್ಲಿ ಕೊಟ್ಟಿರೋ ಪ್ರೆಶರ್ ಎಷ್ಟೋ ಅಷ್ಟೇ, ಅದೂ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಿಡ್ಸಿ.

ಯಾವ ಟೈರ್ ಅಂದ್ರೆ, ಅಪೋಲೊ ಅಮೇಜರ್, ಸಿಯೆಟ್ ಮಿಲೇಜ್ ಇವೆಲ್ಲ ಹೆಚ್ಚು ಕಿಲೋಮೀಟರ್ ಬಾಳಲಿ ಅಂತ ಮಾಡಿರೋವು, ಅಂಗಡೀಲಿ ಮೊದಲು ತೋರ್ಸೋದೂ ಅವನ್ನೇ. ನೀವು ಅಲ್ನಾಕ್, ಸೆಕ್ಯೂರಾಡ್ರೈವ್ ಥರ ಹಿಡಿತದ ಕಡೆ ಒತ್ತು ಕೊಟ್ಟಿರೋದು ನಿಮ್ಮ ಸೈಜಲ್ಲಿ ಇದ್ಯಾ ಕೇಳಿ. ಸ್ವಲ್ಪ ಬೇಗ ಸವೆದ್ರೂ ಪರ್ವಾಗಿಲ್ಲ, ನಿಮ್ಮ ಓಡಾಟಕ್ಕೆ ಹಿಡಿತಾನೇ ಮುಖ್ಯ. ಹಾಕ್ಸೋ ಮುಂಚೆ ಟೈರಿನ ಪಕ್ಕದ ಮೈಮೇಲೆ ತಯಾರಾದ ವಾರ, ವರ್ಷ ಹೇಳೋ ನಾಲ್ಕು ಅಂಕಿ ನೋಡಿ, 1025 ಅಂತಿದ್ರೆ 2025ರ ಹತ್ತನೇ ವಾರ ತಯಾರಾಗಿದ್ದು. ಎರಡು ಮೂರು ವರ್ಷ ಗೋಡೌನಲ್ಲಿ ಕೂತಿದ್ದನ್ನ ರೇಟ್ ಕಮ್ಮಿ ಅಂತ ಕೊಟ್ರೆ ಬೇಡ ಅನ್ನಿ. ಅಲೈನ್‌ಮೆಂಟ್ ಅವತ್ತೇ ಮಾಡ್ಸಿ.

ಪ್ರಶ್ನೆ: ಮಡಿಕೇರೀಲಿದೀನಿ. 165ರ ಬದಲು 185 ಅಗಲದ ಟೈರ್ ಹಾಕ್ಸಿದ್ರೆ ಮಳೇಲಿ ಹಿಡಿತ ಜಾಸ್ತಿ ಆಗುತ್ತಾ?

ಉತ್ತರ: ನಿಂತ ನೀರಲ್ಲಿ ಉಲ್ಟಾ. ಅಗಲ ಜಾಸ್ತಿ ಆದಷ್ಟೂ ಪಕ್ಕಕ್ಕೆ ತಳ್ಬೇಕಾದ ನೀರೂ ಜಾಸ್ತಿ, ಕಾರಿನ ತೂಕ ಮಾತ್ರ ಅಷ್ಟೇ, ಹಾಗಾಗಿ ಅಗಲದ್ದು ಬೇಗ ತೇಲುತ್ತೆ. ದುಡ್ಡೂ ಜಾಸ್ತಿ, ಪೆಟ್ರೋಲೂ ಜಾಸ್ತಿ. ಕಂಪನಿ ಕೊಟ್ಟ ಸೈಜೇ ಇರ್ಲಿ, ಉಳಿಯೋ ದುಡ್ಡಲ್ಲಿ ಸ್ಟೆಪ್ನಿ ತೆಗೆದು ಅದರ ಮೇಲಿನ ನಾಲ್ಕು ಅಂಕಿ ಓದಿ, ಗಾಡಿ ಕೊಂಡಾಗ ಬಂದಿದ್ದೇ ಇನ್ನೂ ಅಲ್ಲಿದ್ರೆ ಅದನ್ನ ಬದಲಾಯಿಸಿ.