ರೂಯ್ ಲೋಪೆಜ್ ಆಡಿದವರಿಗೆ ಹೊಸ ಓಪನಿಂಗ್ ಅಷ್ಟು ದೂರವಿಲ್ಲ

1990ರ ದಶಕದಲ್ಲಿ ಚೆಸ್‌ನಲ್ಲಿ ರೂಯ್ ಲೋಪೆಜ್ ಅನ್ನೋ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಆಡುತ್ತಿದ್ದೆ, ಈಗ ಮತ್ತೆ ಶುರು ಮಾಡಿದ್ದೇನೆ, ಹೊಸ ಓಪನಿಂಗ್‌ಗಳನ್ನು ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀರಿ. ದುಡ್ಡು ಕೊಟ್ಟು ಕೋರ್ಸ್ ಕೊಳ್ಳುವ ಮೊದಲು ಲಿಚೆಸ್ ಅನ್ನೋ ಚೆಸ್ ಜಾಲತಾಣದ ಓಪನಿಂಗ್ ಎಕ್ಸ್‌ಪ್ಲೋರರ್ ನೋಡಿ. ಯಾವ ನಡೆಯನ್ನು ಎಷ್ಟು ಜನ ಆಡಿದ್ದಾರೆ ಅಂತ ಅದು ತೋರಿಸುತ್ತದೆ. ಪೂರ್ತಿ ಉಚಿತ, ಜಾಹೀರಾತೂ ಇಲ್ಲ.

ಅದರಲ್ಲಿ ದೊಡ್ಡ ಆಟಗಾರರ ಆಟಗಳಿರುವ ಮಾಸ್ಟರ್ಸ್ ವಿಭಾಗದಲ್ಲಿ ವರ್ಷದ ಮಿತಿ ಹಾಕಬಹುದು. ಮೊದಲು 1999ರವರೆಗೆ ಅಂತ ಇಟ್ಟು ನಿಮ್ಮ ಹಳೇ ನಡೆಗಳನ್ನು ಆಡಿ. ಆಮೇಲೆ 2015ರಿಂದ ಈಚೆಗೆ ಅಂತ ಬದಲಿಸಿ. ಕಪ್ಪಿನ ಮೂರನೇ ನಡೆ ಗಮನಿಸಿ. ಕುದುರೆಯನ್ನು ಎಫ್6ಕ್ಕೆ ತರುವ ಬರ್ಲಿನ್ ಡಿಫೆನ್ಸ್ ಎಷ್ಟು ಜಾಸ್ತಿಯಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. 2000ದಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ರಾಮ್ನಿಕ್ ಇದನ್ನೇ ಆಡಿ ಆಗಿನ ಚಾಂಪಿಯನ್ ಕಾಸ್ಪರೋವ್‌ರನ್ನು ಕಟ್ಟಿಹಾಕಿದರು. ಹಲವು ಆಟಗಳ ಆ ಪಂದ್ಯದಲ್ಲಿ ಕಾಸ್ಪರೋವ್‌ಗೆ ಒಂದೂ ಗೆಲುವು ಸಿಗಲಿಲ್ಲ. ಆಮೇಲೆ ಬಿಳಿ ಕಡೆಯ ಎಷ್ಟೋ ಆಟಗಾರರು ಇಟಾಲಿಯನ್ ಅನ್ನೋ ಓಪನಿಂಗ್‌ಗೆ ತಿರುಗಿದರು. ಒಂಟೆ ಸಿ4ರಲ್ಲಿ, ಕಾಲಾಳು ಸಿ3, ಡಿ3ರಲ್ಲಿ, ನಿಧಾನದ ಆಟ. ನಿಮಗೆ ಇದು ಬೇಗ ಒಗ್ಗುತ್ತದೆ. ಕುದುರೆಯನ್ನು ಡಿ2, ಎಫ್1, ಜಿ3 ದಾರಿಯಲ್ಲಿ ಸಾಗಿಸುವುದು ರೂಯ್ ಲೋಪೆಜ್‌ನಲ್ಲಿ ನೀವು ಮಾಡಿದ್ದೇ ಅಲ್ವಾ?

ಪಕ್ಕದ ಲಿಚೆಸ್ ವಿಭಾಗದಲ್ಲಿ ಆ ಜಾಲತಾಣದಲ್ಲಿ ಆಡುವವರ ಆಟಗಳಿವೆ. ಅಲ್ಲಿ ನಿಮ್ಮ ರೇಟಿಂಗ್‌ನವರ (ನಿಮ್ಮಷ್ಟೇ ಮಟ್ಟದವರ) ಆಟ ಮಾತ್ರ ಆರಿಸಿ. ಅಲ್ಲಿ ಬರ್ಲಿನ್‌ಗಿಂತ, ಬಿಳಿ ಕಡೆಯವರು ಆಡುವ ಲಂಡನ್ ಸಿಸ್ಟಮ್ ಅನ್ನೋ ಓಪನಿಂಗ್ ನಿಮಗೆ ಹೆಚ್ಚು ಎದುರಾಗಬಹುದು. ಅದಕ್ಕೆ ಮೊದಲು ತಯಾರಾಗಿ. ಯಾರ ಸ್ಥಿತಿ ಮೇಲು ಅಂತ ಲೆಕ್ಕ ಹಾಕುವ ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್‌ನ ಅಂಕಿಯನ್ನು ಮೊದಲೇ ನೋಡಬೇಡಿ. ಆಟ ಮುಗಿದ ಮೇಲೆ, ಎಲ್ಲಿ ದಾರಿ ತಪ್ಪಿತು ಅಂತ ನೀವೇ ಊಹಿಸಿ, ಆಮೇಲೆ ಅದನ್ನು ಆನ್ ಮಾಡಿ.