ಮೇಷ್ಟ್ರೇ, ಮಗಳನ್ನು ಜಿಗಿಯಲು ಬಿಡಿ

ತಿಪಟೂರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಪತ್ರ ಹೀಗಿದೆ: “ಕಳೆದ ಸಂಚಿಕೆಯ ಮುಖಪುಟದಲ್ಲಿ ವಿಮಾನದಿಂದ ಜಿಗಿಯುವವರ ಚಿತ್ರ ಹಾಕಿ, ಒಳಗೆ ನಾಲ್ಕು ಪುಟ ಹೊಗಳಿದ್ದೀರಿ. ದುಬೈಯಲ್ಲಿರುವ ನನ್ನ ಮಗಳು ಅದನ್ನು ಓದಿ ಮುಂದಿನ ತಿಂಗಳಿಗೆ ಬುಕ್ ಮಾಡಿಯೇಬಿಟ್ಟಿದ್ದಾಳೆ. ಅವಳ ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ದುಡ್ಡು ಕೊಟ್ಟು ಬೀಳುವುದು ಯಾವ ಸೀಮೆ ಸಾಹಸ? ಅಷ್ಟು ಎತ್ತರದಲ್ಲಿ ಆ ಛತ್ರಿ ಬಿಚ್ಚಿಕೊಳ್ಳದಿದ್ದರೆ ಏನು ಗತಿ? ನಿಮ್ಮ ಮಗಳಾಗಿದ್ದರೆ ಕಳಿಸುತ್ತಿದ್ದಿರಾ?”

ಮೇಷ್ಟ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಳಿಸುತ್ತಿದ್ದೆ. ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಆದರೂ ಕಳಿಸುತ್ತಿದ್ದೆ.

ಹಾಗಂತ ನಾನೇನು ಜಿಗಿದು ಬಂದವನಲ್ಲ. ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಜಿಗಿಯಲು ಹೆಸರು ಕೊಟ್ಟಿದ್ದೆ. ತೂಕ ನೋಡಿದರು, ಹಾರ್ನೆಸ್ ತೊಡಿಸಿದರು. ಬೆಳಿಗ್ಗೆ 6ಕ್ಕೆ ಹೋದವನು 11ರವರೆಗೂ ಕಾದು ಕೂತೆ. ಅಷ್ಟರಲ್ಲಿ ಗಾಳಿ ಜಾಸ್ತಿಯಾಯಿತು. “ಸಾರ್, ಇವತ್ತು ಆಗಲ್ಲ” ಅಂದರು. “ಅಯ್ಯೋ, ಛೆ!” ಅಂತ ಬಾಯಲ್ಲಿ ಅಂದೆ. ಮನಸ್ಸಿನಲ್ಲಿ ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈಮುಗಿದೆ.

ಆದರೆ ಆ ಐದು ಗಂಟೆ ದಂಡವಾಗಲಿಲ್ಲ. ಪಕ್ಕದಲ್ಲೇ ಟಾರ್ಪಾಲು ಹಾಸಿಕೊಂಡು ಒಬ್ಬ ಹುಡುಗ ಪ್ಯಾರಾಚೂಟ್ ಮಡಚುತ್ತಿದ್ದ. ದಾರಗಳ ಕಟ್ಟನ್ನು ಹೆಗಲ ಮೇಲೆ ಹಾಕಿಕೊಂಡು, ಬಟ್ಟೆಯನ್ನು ಒಂದೊಂದೇ ಮಡಿಕೆ ಮಾಡುತ್ತಿದ್ದ. ಥೇಟ್ ಸೀರೆಯ ನೆರಿಗೆ ಹಿಡಿದ ಹಾಗೆ. ಆಮೇಲೆ ನೆಲಕ್ಕೆ ಇಳಿಸಿ, ಅದರ ಮೇಲೆ ಮಂಡಿಯೂರಿ, ಒಳಗಿನ ಗಾಳಿಯನ್ನೆಲ್ಲ ಹಿಂಡಿ ತೆಗೆದ. ಮನೆಯ ಹಾಲ್‌ನಷ್ಟು ದೊಡ್ಡ ಬಟ್ಟೆ ಒಂದು ಸ್ಕೂಲ್ ಬ್ಯಾಗಿನಷ್ಟಾಯಿತು. ದಾರಗಳನ್ನು ಹಿಂದಕ್ಕೂ ಮುಂದಕ್ಕೂ ಮಡಚಿ ಸಣ್ಣ ಸಣ್ಣ ರಬ್ಬರ್ ಬ್ಯಾಂಡ್‌ಗಳಿಗೆ ಸಿಕ್ಕಿಸತೊಡಗಿದ. ನನ್ನ ಜೀವ ಬಾಯಿಗೆ ಬಂತು. “ರಬ್ಬರ್ ಬ್ಯಾಂಡಾ?” ಅಂದೆ. ಅವನು ತಲೆ ಎತ್ತಲಿಲ್ಲ. “ಸಿಕ್ಕಿಹಾಕಿಕೊಂಡರೆ ಅದೇ ಕಿತ್ತುಹೋಗಬೇಕಲ್ವಾ ಸಾರ್, ಅದಕ್ಕೇ.”

ದಾರಗಳ ನಡುವೆ ಒಂದು ಚೌಕದ ಬಟ್ಟೆಯೂ ಇತ್ತು. ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗ ಅದು ದಾರಗಳ ಗುಂಟ ಮೇಲಿನಿಂದ ನಿಧಾನಕ್ಕೆ ಕೆಳಗೆ ಜಾರುತ್ತದೆ. ಅದು ಇಲ್ಲದಿದ್ದರೆ ಬಟ್ಟೆ ಒಂದೇ ಸಲಕ್ಕೆ ಧಡಾರನೆ ಅರಳಿ ಮೈಮೂಳೆ ಮುರಿಯುತ್ತದಂತೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವುದಿಲ್ಲ ಅಂತ ನಾವು ಹೆದರುತ್ತೇವೆ. ಅವರಿಗೆ ಅದು ಬೇಗ ಬಿಚ್ಚಿಕೊಂಡುಬಿಟ್ಟರೆ ಅಂತ ಚಿಂತೆ!

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬಿಚ್ಚಿಕೊಳ್ಳದಿದ್ದರೆ? ಬೆನ್ನ ಮೇಲಿನ ಅದೇ ಚೀಲದಲ್ಲಿ ಎರಡನೆಯ ಪ್ಯಾರಾಚೂಟ್ ಇರುತ್ತದೆ. ಅದನ್ನು ಎಲ್ಲರೂ ಮಡಚುವಂತಿಲ್ಲ. ಪರವಾನಗಿ ಇರುವ ರಿಗ್ಗರ್ ಮಡಚಿ, ಸೀಲ್ ಹಾಕಿ, ದಿನಾಂಕ ಬರೆದು ಸಹಿ ಮಾಡಬೇಕು. ಅಮೆರಿಕದ ನಿಯಮದ ಪ್ರಕಾರ, ಬಳಸದೇ ಇದ್ದರೂ 180 ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಮಡಚಬೇಕು. ಮೊದಲನೆಯದು ಕೈಕೊಟ್ಟರೆ ಒಂದು ಹಿಡಿಕೆ ಎಳೆದು ಅದನ್ನು ಕಳಚಿ ಬಿಸಾಡುತ್ತಾರೆ, ಎರಡನೆಯದು ಬರುತ್ತದೆ. ಮಗಳನ್ನು ತನ್ನ ಮೈಗೆ ಕಟ್ಟಿಕೊಂಡು ಜಿಗಿಸುವವನಿಗೇ ಎಚ್ಚರ ತಪ್ಪಿತು ಅನ್ನಿ. ಆಗ ಎತ್ತರ ಮತ್ತು ವೇಗವನ್ನು ತಾನೇ ಅಳೆಯುವ ಒಂದು ಪುಟ್ಟ ಪೆಟ್ಟಿಗೆ ಇದೆ. ಜರ್ಮನಿಯಲ್ಲಿ 1991ರಲ್ಲಿ ಬಂದ ಸೈಪ್ರೆಸ್ ಎಂಬ ಸಾಧನ ಈ ಕೆಲಸಕ್ಕೆ ಹೆಸರುವಾಸಿ. ಇಬ್ಬರು ಜೊತೆಯಾಗಿ ಜಿಗಿಯುವ ಟ್ಯಾಂಡಮ್‌ನಲ್ಲಿ, ಸುಮಾರು 1,900 ಅಡಿಗೆ ಬಂದರೂ ವೇಗ ಕಡಿಮೆಯಾಗದಿದ್ದರೆ ಅದು ಒಳಗಿನ ದಾರವನ್ನು ತಾನೇ ಕತ್ತರಿಸಿ ಎರಡನೆಯ ಪ್ಯಾರಾಚೂಟ್ ಬಿಡಿಸುತ್ತದೆ.

ಇಷ್ಟಕ್ಕೆಲ್ಲ ಬೇಕಾಗುವುದು ಸಮಯ. ಸಮಯ ಕೊಡುವುದು ಎತ್ತರ. ನಿಮ್ಮ ಪತ್ರದಲ್ಲಿ “ಅಷ್ಟು ಎತ್ತರದಲ್ಲಿ” ಅಂತ ಬರೆದಿದ್ದೀರಲ್ಲ, ನನ್ನ ತಕರಾರು ಅಲ್ಲೇ ಇರುವುದು. ದುಬೈಯಲ್ಲಿ ಸುಮಾರು 13,000 ಅಡಿಯಿಂದ ಜಿಗಿಸುತ್ತಾರೆ. ಸುಮಾರು ಒಂದು ನಿಮಿಷ ಬೀಳುವುದು, ಆಮೇಲೆ 5,000–6,000 ಅಡಿಯಲ್ಲಿ ಪ್ಯಾರಾಚೂಟ್. ಅಂದರೆ ಏನೇ ಎಡವಟ್ಟಾದರೂ ಸರಿಮಾಡಲು ಇನ್ನೂ ಒಂದೂವರೆ ಕಿಲೋಮೀಟರಿನಷ್ಟು ಆಕಾಶ ಕೈಯಲ್ಲಿರುತ್ತದೆ. ಅಮೆರಿಕದಲ್ಲಿ 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳು ನಡೆದವು, ಸತ್ತವರು 10 ಮಂದಿ. ಹತ್ತು ಮನೆಯವರಿಗೆ ಅದು ಚಿಕ್ಕ ಸಂಖ್ಯೆಯಲ್ಲ, ಒಪ್ಪುತ್ತೇನೆ. ಆದರೆ ಈ ಆಟದಲ್ಲಿ ಅನೇಕ ಸಾವುಗಳು ಆಗುವುದು ಪ್ಯಾರಾಚೂಟ್ ಚೆನ್ನಾಗಿ ಅರಳಿದ ಮೇಲೆ. ಪಳಗಿದವರೇ ನೆಲದ ಹತ್ತಿರ ಜೋರಾಗಿ ತಿರುಗಿಸಲು ಹೋಗಿ ಬೀಳುತ್ತಾರೆ. ಫೆಲಿಕ್ಸ್ ಬಾಮ್‌ಗಾರ್ಟ್ನರ್ ಹೆಸರು ಕೇಳಿರುತ್ತೀರಿ. 2012ರ ಅಕ್ಟೋಬರ್ 14ರಂದು 39 ಕಿ.ಮೀ. ಎತ್ತರದಿಂದ ಜಿಗಿದು, ಶಬ್ದದ ವೇಗವನ್ನೂ ಮೀರಿ ಬಿದ್ದು, ನೆಟ್ಟಗೆ ನಿಂತ ಮನುಷ್ಯ. 2025ರ ಜುಲೈನಲ್ಲಿ ಇಟಲಿಯಲ್ಲಿ ತೀರಿಕೊಂಡ. ಮೋಟರು ಕಟ್ಟಿದ ಪ್ಯಾರಾಗ್ಲೈಡರ್‌ನಲ್ಲಿ, ಅಂದರೆ ಬಟ್ಟೆಯ ರೆಕ್ಕೆಗೆ ಜೋತುಕೊಂಡು, ಹಾರುತ್ತಿದ್ದಾಗ.

ನನ್ನ ಮಗಳ ವಿಷಯ ಕೇಳಿದಿರಲ್ಲ. ಅವಳನ್ನು ಒಂದು ಬೆಟ್ಟದೂರಿನಲ್ಲಿ ಪ್ಯಾರಾಗ್ಲೈಡಿಂಗ್‌ಗೆ ಕಳಿಸಿದ್ದೆ. ಯಾವ ಊರು ಅನ್ನುವುದು ಬೇಡ. ರಜೆಯ ದಿನ, ಪ್ರವಾಸಿಗರ ದೊಡ್ಡ ಸಾಲು. ಹಾರಿಸುವ ಹುಡುಗ “ಓಡಿ, ಓಡಿ” ಅಂತ ಅವಸರ ಮಾಡುತ್ತಿದ್ದ. ಅವಳ ಎಡತೊಡೆಯ ಪಟ್ಟಿ ಸಿಕ್ಕಿಸದೆ ಸುಮ್ನೆ ಜೋತಾಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಕಿರುಚಿದೆ. ಅವನು ಬಗ್ಗಿ ಟಕ್ ಅಂತ ಸಿಕ್ಕಿಸಿ, ನಕ್ಕು, “ಏನೂ ಆಗಲ್ಲ ಸಾರ್” ಅಂದ. ಎಂಟು ನಿಮಿಷ ಹಾರಿ ಬಂದಳು, ಖುಷಿಯೋ ಖುಷಿ. ನಾನು ತರಿಸಿದ ಟೀ ಹಾಗೇ ತಣ್ಣಗಾಗಿತ್ತು. ಮೈಸೂರಿನವರು “ಇವತ್ತು ಆಗಲ್ಲ” ಅಂದಿದ್ದರು. ಇವನು “ಏನೂ ಆಗಲ್ಲ” ಅಂದ. ನಾನು ಹೆದರುವುದು ಈ ಎರಡನೆಯ ಮಾತಿಗೆ. ಆ ಹುಡುಗನಿಗೆ ಬೆಟ್ಟದ ಇಳಿಜಾರಿನಿಂದ ಮೂವತ್ತು ಅಡಿ ಮೇಲೆ ತಪ್ಪು ತಿದ್ದಿಕೊಳ್ಳಲು ಸಮಯ ಎಲ್ಲಿರುತ್ತಿತ್ತು? ನಮ್ಮ ದೇಶದಲ್ಲಿ ಇಂಥ ಹಾರಾಟಗಳಿಗೆಲ್ಲ ಸೇರಿ 2022ರಲ್ಲಿ ಒಂದು ರಾಷ್ಟ್ರೀಯ ನೀತಿ ಬಂದಿದೆ. ಬೆಟ್ಟದ ಮೇಲಿನ ಸಾಲಿನಲ್ಲಿ ನಿಂತಾಗ ಮಾತ್ರ ಪಟ್ಟಿಯನ್ನು ನಾವೇ ನೋಡಿಕೊಳ್ಳಬೇಕು.

“ದುಡ್ಡು ಕೊಟ್ಟು ಬೀಳುವುದು ಯಾವ ಸೀಮೆ ಸಾಹಸ” ಅಂದಿರಿ. ಅರ್ಧ ಒಪ್ಪುತ್ತೇನೆ. ಟ್ಯಾಂಡಮ್‌ನಲ್ಲಿ ನಿಮ್ಮ ಮಗಳು ಪ್ರಯಾಣಿಕಳು, ಅಷ್ಟೇ. 1979ರಲ್ಲಿ ಆಗ್ರಾದಲ್ಲಿ ಮೊದಲ ಸಲ ಜಿಗಿದು, 2002ರಲ್ಲಿ ಉತ್ತರ ಧ್ರುವದ ಮೇಲೆ 7,000 ಅಡಿಯಿಂದ ಜಿಗಿದ ನಮ್ಮ ದೇಶದ ರೇಚಲ್ ಥಾಮಸ್ ಮಾಡಿದ್ದು ಸಾಹಸ. ನಮ್ಮ ದೇಶದವರೇ ಆದ ಶೀತಲ್ ಮಹಾಜನ್ ಅವರಂತೂ ತಮ್ಮ ಬದುಕಿನ ಮೊದಲ ಜಿಗಿತವನ್ನೇ 2004ರಲ್ಲಿ ಉತ್ತರ ಧ್ರುವದಲ್ಲಿ ಮಾಡಿದರು! 1797ರಲ್ಲಿ ಪ್ಯಾರಿಸ್‌ನಲ್ಲಿ ಬಲೂನಿನಿಂದ ರೇಷ್ಮೆ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದ ಗಾರ್ನೆರಿನ್‌ನದ್ದು ಸಾಹಸವೋ ಹುಚ್ಚೋ ನೀವೇ ಹೇಳಿ. ಪುಣ್ಯಾತ್ಮ ತೊಟ್ಟಿಲಿನಂತೆ ತೂರಾಡುತ್ತಾ ಇಳಿದ. ಆಮೇಲೆ ಛತ್ರಿಯ ನಡುವೆ ತೂತು ಮಾಡಿದರೆ ತೂರಾಟ ಕಡಿಮೆಯಾಗುತ್ತದೆ ಅಂತ ಗೊತ್ತಾಯಿತು.

ಅಮ್ಮನವರಿಗೆ ಒಂದು ಮಾತು ಹೇಳಿ. ಬೀಳುವಾಗ ಜಾತ್ರೆಯ ತೊಟ್ಟಿಲು ಕೆಳಗಿಳಿಯುವಾಗ ಆಗುತ್ತದಲ್ಲ, ಹೊಟ್ಟೆಯೊಳಗಿನದೆಲ್ಲ ಮೇಲೆ ಬಂದ ಹಾಗೆ, ಅದು ಇಲ್ಲಿ ಅಷ್ಟಾಗಿ ಆಗುವುದಿಲ್ಲ ಅಂತ ಜಿಗಿದವರು ಹೇಳುತ್ತಾರೆ. ವಿಮಾನ ಮೊದಲೇ ಜೋರಾಗಿ ಮುಂದೆ ಓಡುತ್ತಿರುತ್ತದೆ. ಹಾಗಾಗಿ ಬಾಗಿಲು ದಾಟಿದ ಕೂಡಲೇ ಗಾಳಿ ಮೈಯನ್ನು ಆತುಕೊಳ್ಳುತ್ತದೆ. ಹತ್ತು-ಹನ್ನೆರಡು ಸೆಕೆಂಡಿನಲ್ಲಿ ವೇಗ ಗಂಟೆಗೆ 200 ಕಿ.ಮೀ. ಹತ್ತಿರ ಬಂದು ಅಲ್ಲೇ ನಿಲ್ಲುತ್ತದೆ. ಇಬ್ಬರ ತೂಕಕ್ಕೆ ಅದು ಇನ್ನೂ ಏರದಿರಲಿ ಅಂತ ಬೆನ್ನ ಹಿಂದೆ ಒಂದು ಮರಿ ಪ್ಯಾರಾಚೂಟ್ ಬಿಟ್ಟಿರುತ್ತಾರೆ.

ಇಲ್ಲೇ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. “ಪ್ಯಾರಾಚೂಟ್ ಅರಳಿದ ತಕ್ಷಣ ಅವರು ಮೇಲಕ್ಕೆ ಚಿಮ್ಮುತ್ತಾರೆ” ಅಂತ ಒಂದು ಚಿತ್ರದ ಕೆಳಗೆ ಬರೆದಿದ್ದೆವು. ಯಾರೂ ಮೇಲಕ್ಕೆ ಹೋಗುವುದಿಲ್ಲ. ಅವರ ವೇಗ ಕಡಿಮೆಯಾಗುತ್ತದೆ, ಕ್ಯಾಮೆರಾ ಹಿಡಿದವನು ಇನ್ನೂ ಬೀಳುತ್ತಲೇ ಇರುತ್ತಾನೆ. ಅವನ ಕಣ್ಣಿಗೆ ಹಾಗೆ ಕಾಣುತ್ತದೆ. ಮಗಳು ವಿಡಿಯೊ ಕಳಿಸಿದಾಗ ಅದನ್ನು ನೋಡಿ ಗಾಬರಿಯಾಗಬೇಡಿ.

ಸ್ಕೈಡೈವಿಂಗ್‌ಗೆ “ಬಾನ್‌ಜಿಗಿತ” ಅಂತ ನೀವು ಪತ್ರದ ಕೊನೆಯಲ್ಲಿ ಸೂಚಿಸಿದ ಪದ ಚೆನ್ನಾಗಿದೆ. ಮುಂದಿನ ಸಲ ಬಳಸಿ ನೋಡುತ್ತೇವೆ.

ಮಗಳಿಗೆ ಮೂರು ವಿಷಯ ತಿಳಿಸಿ. ಲೇಸ್ ಇರುವ ಶೂ ಹಾಕಿಕೊಳ್ಳಲಿ. ಖಾಲಿ ಹೊಟ್ಟೆಯಲ್ಲಿ ಹೋಗದೆ ಎರಡು ಇಡ್ಲಿಯಷ್ಟಾದರೂ ತಿನ್ನಲಿ. ಜೊತೆಗೆ ಜಿಗಿಯುವವರು ಇದುವರೆಗೆ ಎಷ್ಟು ಸಲ ಜಿಗಿದಿದ್ದಾರೆ ಅಂತ ಸಂಕೋಚ ಬಿಟ್ಟು ಕೇಳಲಿ. ಅಮೆರಿಕದ ಸ್ಕೈಡೈವಿಂಗ್ ಸಂಘದ ನಿಯಮದಲ್ಲಿ ಟ್ಯಾಂಡಮ್ ಮಾಡಿಸುವವರಿಗೆ ಕನಿಷ್ಠ 500 ಜಿಗಿತ ಆಗಿರಬೇಕು. ಒಳ್ಳೆಯವರು ಆ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನೆಲ ಮುಟ್ಟಿದ ಮೇಲೆ ಅವಳು ನಿಮಗೇ ಮೊದಲು ಫೋನ್ ಮಾಡುತ್ತಾಳೆ. ಅಷ್ಟು ಬೇಗ ಕೆಳಗಿಳಿದದ್ದಕ್ಕೆ ಕಿವಿ ಕಟ್ಟಿಕೊಂಡಿರುತ್ತದೆ, ಜೋರಾಗಿ ಕೂಗಿ ಮಾತಾಡುತ್ತಾಳೆ. ಫೋನನ್ನು ಸ್ಪೀಕರ್‌ಗೆ ಹಾಕಿ ಅಮ್ಮನವರ ಕೈಗೆ ಕೊಟ್ಟುಬಿಡಿ.

— ಸಂಪಾದಕ