ಪರೀಕ್ಷೆಯ ಟೆನ್ಷನ್‌ಗೂ ಫುಟ್‌ಬಾಲ್‌ನಲ್ಲಿ ಮಂಡಿಗೆ ಪೆಟ್ಟಾಗುವುದಕ್ಕೂ ಸಂಬಂಧ ಇದೆಯೇ?

ಇದೆ. ತಲೆಯಲ್ಲಿ ಬೇರೇನೋ ಕೊರೆಯುತ್ತಿದ್ದರೆ ಸ್ನಾಯು ಬಿಗಿಯುತ್ತದೆ, ಗಮನ ಕುಗ್ಗುತ್ತದೆ. ಪಕ್ಕದಿಂದ ನುಗ್ಗಿದವನು ತಡವಾಗಿ ಕಾಣುತ್ತಾನೆ. ಕ್ರೀಡಾ ಮನಶ್ಶಾಸ್ತ್ರಜ್ಞರಾದ ಆ್ಯಂಡರ್ಸನ್ ಮತ್ತು ವಿಲಿಯಮ್ಸ್ 1988ರಲ್ಲೇ ಇದನ್ನು ವಿವರಿಸಿದ್ದರು. ಹಾರಿ ಚೆಂಡನ್ನು ತಲೆಯಿಂದ ಹೊಡೆದು (ಹೆಡ್ ಮಾಡಿ) ಇಳಿಯುವಾಗ ಮಂಡಿ ಸಾಕಷ್ಟು ಬಾಗದೆ ಒಳಕ್ಕೆ ವಾಲಿದರೆ ನೆಲದ ಹೊಡೆತವನ್ನು ತೊಡೆಯ ಸ್ನಾಯು ಹೀರುವುದಿಲ್ಲ, ಭಾರವೆಲ್ಲ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಮೇಲೆ. ಪಾದ ಊರಿದ ಸುಮಾರು 50 ಮಿಲಿಸೆಕೆಂಡಿನೊಳಗೇ ಅದು ಹರಿಯಬಹುದು, ಸಾವರಿಸಿಕೊಳ್ಳಲು ಪುರುಸೊತ್ತೆಲ್ಲಿ? ಎದುರಾಳಿ ಮುಟ್ಟಲೇಬೇಕೆಂದೂ ಇಲ್ಲ.

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬಿದ್ದವರೆಲ್ಲ ಕೆಸರನ್ನೇ ಬೈಯುತ್ತಾರೆ (ನಾನೂ ಬೈದಿದ್ದೇನೆ). ಕೆಸರಿನ ತಪ್ಪಿಲ್ಲ ಅಂತಲ್ಲ, ಆದರೆ ನಿದ್ದೆಗೆಟ್ಟು ಬಂದವನಿಗೆ ಅದು ಇನ್ನಷ್ಟು ಜಾರು. ಪರೀಕ್ಷೆಯ ವಾರದಲ್ಲಿ ಆಡಲೇಬೇಕಾದರೆ ಗಾಯ ತಡೆಯಲೆಂದೇ ರೂಪಿಸಿದ 'ಫಿಫಾ 11+' ವಾರ್ಮ್‌ಅಪ್ ಮಾತ್ರ ಬಿಡಬೇಡಿ. ಮಂಡಿ ಬಗ್ಗಿಸಿ ಮೆತ್ತಗೆ ಇಳಿಯುವ ಅಭ್ಯಾಸ ಅದರಲ್ಲೇ ಇದೆ.